ಭಾನುವಾರವೇ ಕೈಕೊಟ್ಟ ನನ್ನ ಗಂಟಲಿಗೆ

ಮಾನ್ಯ ಗಂಟಲಿನವರೇ,

ಊಟಕ್ಕೂ ಉಸಿರಿಗೂ ಮಾತಿಗೂ ಒಂದೇ ಓಣಿಯಲ್ಲಿ ದಾರಿ ಮಾಡಿಕೊಟ್ಟು, ಇಷ್ಟು ವರ್ಷ ಒಂದು ದಿನವೂ ಸಂಬಳ ಕೇಳದ ತಮಗೆ ತಲೆಬಾಗಿ ನಮಸ್ಕಾರಗಳು. ಹೆಚ್ಚು ಬಾಗಿದರೆ ತಮಗೇ ಅದುಮಿದಂತಾಗುತ್ತದೆಂದು ಅರ್ಧಕ್ಕೆ ನಿಲ್ಲಿಸಿದ್ದೇನೆ. ಕಳೆದ ಭಾನುವಾರ ತಾವು ಮುನ್ಸೂಚನೆಯಿಲ್ಲದೆ ಕೆಲಸ ನಿಲ್ಲಿಸಿದ್ದರಿಂದ ನನಗಾದ ನಷ್ಟವನ್ನು ತಮ್ಮ ಅವಗಾಹನೆಗೆ ತರಲು, ನಾಲ್ಕು ಜನರಿಗೂ ಗೊತ್ತಾಗಲೆಂದು ಬಹಿರಂಗವಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ತಮಗೆ ತಿಳಿದಿರುವಂತೆ ನಾನು ಕಟ್ಟಡಗಳ ನಕ್ಷೆ ಬರೆಯುವವನು. ಭಾನುವಾರ ಮಧ್ಯಾಹ್ನ ಮಾತ್ರ ಅಕ್ಕನ ಮನೆಯ ಊಟದ ಮೇಜಿನ ಮೇಲೆ ದಾಳ ಹರಡಿಕೊಂಡು ಕಥೆಯಾಟ ನಡೆಸುತ್ತೇನೆ. ನಾನು ಸೂತ್ರಧಾರ. ಕೋಟೆ, ಕಾಡು, ಕಾವಲುಗಾರ ಎಲ್ಲವೂ ನನ್ನ ಬಾಯಿಂದಲೇ ಬರಬೇಕು. ಮಿಕ್ಕ ಮೂವರು ಒಂದೊಂದು ಪಾತ್ರವಾಗಿ ಆ ಲೋಕದೊಳಗೆ ನಡೆದು ತಾವು ಏನು ಮಾಡುತ್ತೇವೆಂದು ಹೇಳಬೇಕು. ಅದು ಆದೀತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಆ ಮೂವರೆಂದರೆ ಶಾಲೆಯ ವ್ಯಾನು ಓಡಿಸುವ ಅಕ್ಕ, ನಲ್ಲಿ ರಿಪೇರಿಯ ಭಾವ, ಮತ್ತು ಔಷಧದಂಗಡಿಯ ಗೆಳೆಯ. ಈ ಗೆಳೆಯನನ್ನು ನಾವು ಕರೆಯುವುದೇ ಗುಳಿಗೆ ಎಂದು.

ಈ ಸಲದ ಕಥೆ, ವರ್ಷಗಟ್ಟಲೆ ಕೋಣೆ ಬಿಟ್ಟು ಹೊರಬರದ ಒಬ್ಬ ರಾಜನ ಅರಮನೆಯದು. ಮಳೆಗಾಲಪೂರ್ತಿ ಕೂತು ಅದರ ಒಂದೊಂದು ಕಿಟಕಿಯನ್ನೂ ಅಳತೆಗೆ ಸರಿಯಾಗಿ ಬರೆದಿದ್ದೆ. ರಾಜನ ಬಾಯಲ್ಲಿ ಆಡಿಸಲು ನಾಲ್ಕು ಪುಟದ ಭಾಷಣವೂ ಸಿದ್ಧವಿತ್ತು. ಶಾಪ, ವಿರಹ, ದೇಶದ ಭವಿಷ್ಯ, ಕೇಳಿದ್ದೆಲ್ಲ ಅದರಲ್ಲಿತ್ತು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅದನ್ನು ಆರಂಭಿಸಿದರೆ ತಮ್ಮಿಂದ ಹೊರಟದ್ದು ತುಕ್ಕು ಹಿಡಿದ ಕದ ಕಿರುಗುಟ್ಟುವಂಥ ಸದ್ದು. ಆಮೇಲೆ ಅದೂ ಇಲ್ಲ.

ಆಟ ಮುಂದಕ್ಕೆ ಹಾಕೋಣವೆಂದು ಚೀಟಿ ಬರೆದು ತೋರಿಸಿದೆ. ಅಕ್ಕ ಒಪ್ಪಲಿಲ್ಲ. "ಗುಳಿಗೆಗೆ ಅಂಗಡಿಯಿಂದ ಬಿಡುವು ಸಿಗೋದೇ ಅಪರೂಪ. ನೀನು ಈ ಕಡೆ ಕೂತ್ಕೋ, ನಾನು ನಡೆಸ್ತೀನಿ," ಎಂದು ನನ್ನ ಕುರ್ಚಿಗೇ ಬಂದಳು. ನನ್ನ ಟಿಪ್ಪಣಿ ಮುಂದಿಟ್ಟರೆ ಎರಡು ಸಾಲು ಓದಿ, "ಇದು ಕಥೆನೋ, ಮನೆ ಕ್ರಯಪತ್ರನೋ?" ಎಂದು ಮಗುಚಿಟ್ಟಳು. ವ್ಯಾನಿನ ತುಂಬ ಅಳುವ ಮಕ್ಕಳಿಗೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಕಥೆ ಕಟ್ಟುವವಳಿಗೆ ಕಾಗದ ಯಾಕೆ ಬೇಕು, ತಾವೇ ಹೇಳಿ. ನನ್ನ ಪಾಲಿಗೆ ಬಂದದ್ದು ಮಾತಿಲ್ಲದ ಕಾವಲುಗಾರನ ಪಾತ್ರ.

ಯಾವ ಕೋಟೆಗೆ ಕರೆದೊಯ್ದರೂ ಭಾವ ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ?" ನಕ್ಷೆಯಲ್ಲಿ ಇಲ್ಲ ಎಂಬುದು ಇಲ್ಲಿಯವರೆಗಿನ ನನ್ನ ಉತ್ತರ. ಅಂದೂ ಕೇಳಿದರು. ಅಕ್ಕ ರೆಪ್ಪೆ ಮಿಟುಕಿಸದೆ, "ಮೋರಿ ದೊಡ್ಡದಿದೆ ಕಣ್ರೀ, ಬಗ್ಗಿದ್ರೆ ಆರಾಮಾಗಿ ಹೋಗಬಹುದು," ಎಂದಳು. ಭಾವನ ಮುಖ ಅರಳಿದ್ದನ್ನು ತಾವು ನೋಡಬೇಕಿತ್ತು. ನನ್ನ ಮಹಾದ್ವಾರ, ನನ್ನ ದರ್ಬಾರು, ಕಂಬಕಂಬಕ್ಕೂ ನಾನು ಬಿಡಿಸಿದ ಹೂಬಳ್ಳಿ, ಯಾವುದರ ಕಡೆಗೂ ತಿರುಗದೆ ಭಾವ, ಗುಳಿಗೆ ಇಬ್ಬರೂ ಮೋರಿಯೊಳಗೆ ನುಗ್ಗಿದರು. ಕಾವಲುಗಾರನಾದ ನನ್ನನ್ನೂ ಕಾಲು ಹಿಡಿದು ಎಳೆದುಕೊಂಡರು. ಅಲ್ಲಿ ಅಕ್ಕ ಸಾಬೂನು ನೊರೆಯ ಭೂತವೊಂದನ್ನು ಹುಟ್ಟಿಸಿದಳು, ಭಾವ ಅದನ್ನು ಸ್ಪ್ಯಾನರಿನಿಂದ ಗೆದ್ದರು. ಮೇಜು ಬಡಿದು ನಗುವುದನ್ನು ನನ್ನ ಆಟದಲ್ಲಿ ನಾನೆಂದೂ ಕೇಳಿರಲಿಲ್ಲ. ನಾನೂ ನಗಲು ಹೋದರೆ ತಾವು ಬಿಡಲಿಲ್ಲ. ಭುಜ ಮಾತ್ರ ಕುಣಿಯಿತು. ಜೊತೆಗೆ ಹೊಟ್ಟೆಯೂ ಉರಿಯುತ್ತಿತ್ತೆಂದು ಬರೆಯದಿದ್ದರೆ ದೂರು ಪೂರ್ತಿಯಾಗದು.

ಮೋರಿ ಹೋಗಿ ಸೇರಿದ್ದು ರಾಜನ ಕೋಣೆಗೇ. ಗುಳಿಗೆ ಮೊದಲು ಕತ್ತಿ ಬೀಸಿ ಆಮೇಲೆ ಹೆಸರು ಕೇಳುವ ಪೈಕಿ. ಅಂದು ಕತ್ತಿ ಎತ್ತಿದವನು ಯಾಕೋ ತಡೆದು, "ಅಲ್ಲ, ಇವನು ಇಷ್ಟು ವರ್ಷ ಆಚೆ ಯಾಕೆ ಬಂದಿಲ್ಲ?" ಎಂದ.

ಅಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ. ಭೂತಗಳನ್ನು ಎಷ್ಟು ಬೇಕಾದರೂ ಹುಟ್ಟಿಸುವವಳಿಗೆ ಇದೊಂದಕ್ಕೆ ಮಾತ್ರ ನಂಬುವಂಥ ಕಾರಣ ಬೇಕೆನ್ನಿಸಿತಂತೆ, ಆಮೇಲೆ ಹೇಳಿದಳು. ಚಿಕ್ಕವರಿದ್ದಾಗ ಏನನ್ನಾದರೂ ಒಡೆದುಹಾಕಿ ಅಮ್ಮನ ಮುಂದೆ ನಿಂತಾಗ ನೋಡುತ್ತಿದ್ದಂತೆಯೇ ನನ್ನ ಕಡೆ ನೋಡಿದಳು.

ಉತ್ತರ ನನ್ನ ಹತ್ತಿರ ನಾಲ್ಕು ಪುಟವಿತ್ತು, ಓದಲು ತಾವಿರಲಿಲ್ಲ. ಕಾವಲುಗಾರನನ್ನು ಬಿಟ್ಟು ರಾಜನಾಗಿ ಎದ್ದೆ. ರಾಜ ಯಾವ ಕಿಟಕಿಯ ಬಳಿ ನಿಲ್ಲುತ್ತಾನೆ, ಅಲ್ಲಿಂದ ಬೀದಿ ಎಷ್ಟು ಕಾಣುತ್ತದೆ, ಕೆಳಗಿನ ಜನ ಕರೆದರೆ ಎಷ್ಟು ಕೇಳುತ್ತದೆ, ಬರೆದವನಿಗೆ ಎಲ್ಲ ಗೊತ್ತಿತ್ತು. ಅಕ್ಕನ ಮನೆಯ ಕಿಟಕಿಗೆ ಹೋಗಿ, ಹೊರಗಿನವರಿಗೆ ಏನೋ ಹೇಳಲು ಬಾಯಿ ತೆರೆದು, ಕೈಯನ್ನು ತಮ್ಮ ಮೇಲಿಟ್ಟುಕೊಂಡು, ಮೆಲ್ಲಗೆ ಪರದೆ ಎಳೆದೆ. ರಾಜನ ದನಿ ಹೋಗಿತ್ತು. ದನಿಯಿಲ್ಲದವನನ್ನು ಜನ ರಾಜನೆನ್ನಲಾರರೆಂದು ಬಾಗಿಲು ಹಾಕಿಕೊಂಡಿದ್ದ. ನಾಲ್ಕು ಪುಟದಲ್ಲಿ ಇದು ಎಲ್ಲೂ ಇರಲಿಲ್ಲ. ಎದ್ದು ನಿಲ್ಲುವವರೆಗೆ ನನಗೂ ಗೊತ್ತಿರಲಿಲ್ಲ.

ಗುಳಿಗೆ ದಾಳವನ್ನು ಪಕ್ಕಕ್ಕೆ ಸರಿಸಿದ. "ಸ್ವಾಮಿ, ನೀವು ಮಾತಾಡೋದು ಬೇಡ," ಎಂದ, ಅಂಗಡಿಗೆ ಬರುವ ಕಾಯಿಲೆಯವರ ಜೊತೆ ಆಡುವ ದನಿಯಲ್ಲಿ. "ನಾನೇ ಕೇಳ್ತಾ ಹೋಗ್ತೀನಿ. ಹೌದಾದ್ರೆ ತಲೆ ಆಡಿಸಿ ಸಾಕು." ದನಿ ಹೋಯಿತೇ, ಜನ ಏನೆಂದಾರೆಂಬ ಹೆದರಿಕೆಯೇ, ಇನ್ನಾದರೂ ಬಾಗಿಲು ತೆಗೆಯೋಣವೇ ಎಂದು ಒಂದೊಂದಾಗಿ ಕೇಳಿದ, ತಲೆ ಆಡಿಸಿದೆ. ಕೊನೆಗೆ ಅಕ್ಕ ತಗ್ಗಿದ ದನಿಯಲ್ಲಿ, "ರಾಜ ಬಾಗಿಲು ತೆಗೆದ," ಎಂದಾಗ ಭಾವ ಮೂಗು ಒರೆಸಿಕೊಳ್ಳುತ್ತ ಟೀ ಇಡುವ ನೆಪದಲ್ಲಿ ಒಳಗೆ ಹೋದರು.

ಹೀಗೆ ತಮ್ಮ ಕೃಪೆಯಿಂದ ನನ್ನ ಒಂದು ಮಳೆಗಾಲ ಮೋರಿ ಪಾಲಾಯಿತು. ಇನ್ನು ಮುಂದೆ ಅಕ್ಕ, ನಾನು ಇಬ್ಬರೂ ಒಂದೇ ಕಡೆ ಕೂತು ಆಟ ನಡೆಸಬೇಕೆಂದು ತೀರ್ಪಾಗಿದೆ. ಊರು ಕಟ್ಟುವುದು ನಾನು, ಅದರಲ್ಲಿ ಗಲಾಟೆ ಎಬ್ಬಿಸುವುದು ಅವಳು. ಒಪ್ಪಿದ್ದೇನೆ, ಸಂತೋಷವಾಗಿಯೇ, ಆದರೆ ಇದು ದೂರಿನ ಪತ್ರವಾದ್ದರಿಂದ ಆ ಮಾತನ್ನು ತಾವು ಓದಿಲ್ಲವೆಂದೇ ಭಾವಿಸತಕ್ಕದ್ದು. ಮುಂದೆ ತಾವು ಕೈಕೊಡುವುದಿದ್ದರೆ ಕಥೆ ಸಿಕ್ಕಿಹಾಕಿಕೊಂಡ ಹೊತ್ತು ನೋಡಿ ಕೈಕೊಡಬೇಕು, ಕಚೇರಿಯಲ್ಲಿ ಸಾಹೇಬರು ನಕ್ಷೆ ಎಲ್ಲಿಗೆ ಬಂತೆಂದು ಕೇಳುವಾಗಲೂ ಇದೇ ದಯೆ ತೋರಬೇಕು, ಮತ್ತು ನಾನು ಇನ್ನೊಮ್ಮೆ ಭಾಷಣ ಬರೆಯಲು ಕೂತರೆ ಎರಡನೆಯ ಪುಟಕ್ಕೇ ಕೆಮ್ಮಿ ಎಚ್ಚರಿಸಬೇಕೆಂದು ಪ್ರಾರ್ಥನೆ.

ತಮ್ಮ ಮೇಲೂ ಕೆಳಗೂ ಹಬ್ಬಿಕೊಂಡಿರುವ,
ತಮ್ಮ ವಿಶ್ವಾಸಿ,
ಅರ್ಧ ಸೂತ್ರಧಾರ

ಮರೆತ ಮಾತು: ಅಕ್ಕನ ಗಂಟಲು ವರಸೆಯಲ್ಲಿ ತಮಗೂ ಅಕ್ಕನೇ ಆಗಬೇಕು. ಅಂದಿನಿಂದ ಅವರು ಫೋನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಈ ಕಥೆ ಹೇಳುತ್ತಿದ್ದು, ಪ್ರತಿ ಸಲವೂ ನನ್ನ ಪಾತ್ರ ಸವೆಯುತ್ತಿದೆ. ನಿನ್ನೆಯ ಹೊತ್ತಿಗೆ ಕಿಟಕಿಯ ಬಳಿ ಹೋದದ್ದು ಭಾವ ಎಂದಾಗಿದೆ. ನಾನೇ ಇಲ್ಲವಾಗುವುದರೊಳಗೆ ಒಂದೆರಡು ದಿನ ರಜೆ ಹಾಕುವಂತೆ ಅವರಿಗೆ ತಾವಾದರೂ ಬುದ್ಧಿ ಹೇಳಬೇಕು.