ಗೋಡೆಗಿಂತ ಮೊದಲು ಬಾಗಿಲು

ಮನೆ ಕಟ್ಟಿಸುವವರೆಲ್ಲ ಕಂಟ್ರಾಕ್ಟರನ ಕೈಗೆ ಜುಟ್ಟು ಕೊಟ್ಟು ಕೂರುತ್ತಾರೆ. ನಾನು ಮಾತ್ರ ಅವನ ಜುಟ್ಟನ್ನೇ ಹಿಡಿಯುತ್ತೇನೆ ಎಂದು ಶಪಥ ಮಾಡಿದ್ದೆ. ಕೋಟೆ ಕಟ್ಟಿಸುವ ಯಾವ ಮಹಾರಾಣಿಯೂ ಅಷ್ಟು ಗಂಭೀರವಾಗಿ ಗಂಟಲು ಸರಿಮಾಡಿಕೊಂಡಿರಲಾರಳು!

"ಮುಂಗಡ ಗಿಂಗಡ ಏನೂ ಇಲ್ಲ. ಕೆಲಸ ಮುಗಿದಂತೆ ಕಂತು," ಎಂದೆ.

ತಳಪಾಯಕ್ಕೊಂದು, ಗೋಡೆಗೊಂದು, ತಾರಸಿಗೊಂದು. ಎಲ್ಲಕ್ಕಿಂತ ದಪ್ಪ ಕಂತು ಮುಂಬಾಗಿಲು ಕೂರಿಸಿದಾಗ. ಅದಕ್ಕೆ ಕಾರಣವಿತ್ತು. ನನ್ನ ಚಿಕ್ಕಮ್ಮನ ಕಂಟ್ರಾಕ್ಟರ್ ಎಲ್ಲವನ್ನೂ ಮೊದಲೇ ಇಸಿದುಕೊಂಡು ಬಾಗಿಲಿಡದೆ ಮಾಯವಾಗಿದ್ದ. ಪಾಪ, ಅವಳು ಚಳಿಗಾಲವಿಡೀ ಆ ಜಾಗಕ್ಕೆ ಬೀರು ಅಡ್ಡ ಇಟ್ಟುಕೊಂಡು ಮಲಗಿದ್ದಳು. ಬಂದವರೆಲ್ಲ ಬೀರುವಿನ ಬೆನ್ನು ಬಡಿಯುತ್ತಿದ್ದರು!

ನಮ್ಮ ಕಂಟ್ರಾಕ್ಟರ್ ಒಂದೇ ಮಾತಿಗೆ ಒಪ್ಪಿಕೊಂಡ.

"ಇಷ್ಟು ಬೇಗ ಒಪ್ಪಿಬಿಟ್ಟನಲ್ಲೇ, ನನಗ್ಯಾಕೋ ಅನುಮಾನ," ಎಂದು ನನ್ನವರು ಪಿಸುಗುಟ್ಟಿದರು.

"ಸೊಪ್ಪಿನ ಕಟ್ಟಿಗೂ ಚೌಕಾಸಿ ಮಾಡೋಕೆ ಬರಲ್ಲ ನಿಮಗೆ. ಸುಮ್ಮನಿರಿ!"

ತಳಪಾಯ ಮುಗಿಯಿತು, ಕಂತು ಕೊಟ್ಟೆ. ಕೆಲವೇ ದಿನಗಳಲ್ಲಿ ಅವನ ಫೋನು: "ಮೇಡಂ, ಬಾಗಿಲು ಕೂರಿಸಾಯ್ತು. ಬಂದು ನೋಡಿ."

ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಓಡಿದೆ. ನೋಡಿದರೆ, ಬಯಲಲ್ಲೊಂದು ಒಂಟಿ ಬಾಗಿಲು! ಪಕ್ಕಕ್ಕೆ ಗೋಡೆಯಿಲ್ಲ, ಮೇಲೆ ಸೂರಿಲ್ಲ. ಬೀಳದಂತೆ ಚೌಕಟ್ಟಿಗೆ ಎರಡೂ ಕಡೆ ಮರದ ಆಸರೆ. ಹೊಸ ಪಾಲಿಶು ಮಿರುಗುತ್ತಿತ್ತು, ಹಿಡಿಕೆಯ ಮೇಲೆ ಗುಬ್ಬಿಯೊಂದು ಕುಳಿತಿತ್ತು. ಸುಳ್ಳೇಕೆ, ಚೆಂದವಾಗಿಯೇ ಇತ್ತು. ಆಕಾಶಕ್ಕೇ ಬಾಗಿಲಿಟ್ಟ ಹಾಗೆ.

"ಗೋಡೆ ಎಲ್ರೀ?"

"ಯಾವುದು ಮೊದಲು ಅಂತ ನೀವು ಹೇಳಲೇ ಇಲ್ವಲ್ಲ ಮೇಡಂ. ಮುಗಿದಂತೆ ಕಂತು ಅಂದ್ರಿ. ದಪ್ಪ ಕಂತಿನದ್ದನ್ನ ಮೊದಲು ಮುಗಿಸ್ದೆ."

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ದಪ್ಪ ಕಂತು ಕೊಟ್ಟರೆ ಬ್ಯಾಂಕಿನ ಸಾಲದಲ್ಲಿ ಗೋಡೆ, ತಾರಸಿಗೆ ಉಳಿಯುವುದು ಚಿಲ್ಲರೆ. ಕೊಡದಿದ್ದರೆ ನಾಳೆಯಿಂದ ಆಳುಗಳನ್ನು ಬೇರೆ ಕಡೆ ಕಳಿಸುತ್ತೇನೆ ಎನ್ನುತ್ತಾನೆ. ಇನ್ನು ಬಾಗಿಲಿನಲ್ಲೇ ಸಂಸಾರ ಹೂಡಬೇಕು!

ಅಷ್ಟರಲ್ಲಿ ಅತ್ತೆ ಬಾಗಿಲು ತೆರೆದು, ಹೊಸಿಲು ದಾಟಿ, ಆ ಕಡೆಯಿಂದ ಚಿಲಕ ಹಾಕಿಕೊಂಡರು.

ಕಂಟ್ರಾಕ್ಟರ್ ತಬ್ಬಿಬ್ಬಾಗಿ ಬಾಗಿಲು ತಟ್ಟಿದ.

"ಯಾರಪ್ಪ ಅದು?"

"ನಾನಮ್ಮ, ಕಂಟ್ರಾಕ್ಟರ್."

"ಏನು ಬೇಕಿತ್ತು?"

"ಬಾಗಿಲಿನ ಕಂತು."

"ಒಳಗೆ ಬಂದು ಇಸ್ಕೊಂಡು ಹೋಗು."

"ಚಿಲಕ ಹಾಕಿದ್ದೀರಲ್ಲಮ್ಮ!"

"ಹಾಕದೆ ಏನು ಮಾಡ್ಲಿ? ಕಾಲ ಕೆಟ್ಟಿದೆ. ಮೊದಲೇ ಗೋಡೆ ಇಲ್ಲದ ಮನೆ!"

ಅವನು ಬಡಿದ. ನಾನೂ ಬಡಿದೆ. ಮುಚ್ಚಿದ ಬಾಗಿಲ ಮುಂದೆ ನಿಂತರೆ ಮನುಷ್ಯರಿಗೆ ಎಲ್ಲಿಲ್ಲದ ವಿನಯ ಬಂದುಬಿಡುತ್ತದೆ. ಬಿಸಿಲಿಗೆ ನೆತ್ತಿ ಕಾಯುತ್ತಿತ್ತು.

"ಅತ್ತೆ, ತೆಗೀರಿ, ಕೂತು ಮಾತಾಡೋಣ!"

"ಇಲ್ಲಿಂದಲೇ ಆಗುತ್ತೆ ಬಿಡೇ. ಏನಪ್ಪ, ಮರಕ್ಕೆ ಕೈಯಿಂದ ದುಡ್ಡು ಹಾಕಿದ್ದೀಯ ತಾನೆ? ಅದನ್ನ ಇವತ್ತೇ ಕೊಡ್ತೀವಿ, ಅದು ನ್ಯಾಯ. ಮಿಕ್ಕಿದ್ದರಲ್ಲಿ ಅರ್ಧ ಗೋಡೆ ಎದ್ದ ಮೇಲೆ, ಇನ್ನರ್ಧ ತಾರಸಿ ಹಾಕಿದ ಮೇಲೆ. ಒಪ್ಪಿಗೆಯೋ, ಇಲ್ಲ ನಾನು ಸ್ವಲ್ಪ ಅಡ್ಡಾಗಲೋ?"

ಕಂಟ್ರಾಕ್ಟರ್ ಬೆವರು ಒರೆಸಿಕೊಂಡ. "ಆಯ್ತಮ್ಮ, ಒಪ್ಪಿದೆ. ಈಗಾದ್ರೂ ತೆಗೀರಿ!"

ಚಿಲಕ ಸರಿಯಿತು. ನೋಡಿದರೆ ಅತ್ತೆಯ ಪಕ್ಕದಲ್ಲೇ, ಇಟ್ಟಿಗೆ ರಾಶಿಯ ಮೇಲೆ, ನನ್ನವರು ಕಾಲು ಚಾಚಿ ಕುಳಿತಿದ್ದರು!

"ನೀವು ಹೇಗೆ ಒಳಗೆ ಬಂದ್ರಿ?"

"ನಡ್ಕೊಂಡು. ಪಕ್ಕದಿಂದ."

ನನಗೆ ಮೈಯೆಲ್ಲ ಉರಿಯಿತು. ಆ ಉರಿಯನ್ನು ಕಂಟ್ರಾಕ್ಟರನ ಮೇಲೆ ಸುರಿದೆ. "ಅಲ್ರೀ, ನೀವಾದ್ರೂ ಸುತ್ತಿಕೊಂಡು ಹೋಗಬಾರದಿತ್ತಾ?"

ಅವನು ತಲೆ ಕೆರೆದುಕೊಂಡ. "ಹೊರಟಿದ್ದೆ ಮೇಡಂ. ಆದರೆ ಇಷ್ಟು ಓದಿದೋರೇ ನಿಂತು ಬಾಗಿಲು ಬಡೀತಿದ್ದಾರೆ, ಏನೋ ಕಾರಣ ಇರಬೇಕು ಅಂತ ನಾನೂ ನಿಂತೆ."