ಮಂಚಕ್ಕೆ ಕಟ್ಟಿದ ಕನಸು

ಕನಸು ಕಾಣುವುದು ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಕಂಡದ್ದನ್ನು ಎದ್ದ ಮೇಲೆ ನೆನಪಿಟ್ಟುಕೊಳ್ಳುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನ್ನ ಕಷ್ಟ ಇರುವುದೇ ಅಲ್ಲಿ. ಬೆಳಗಿನ ಜಾವ ನನ್ನ ಕನಸಿನಲ್ಲಿ ಒಂದು ಸೀರೆಯ ಅಂಚು ಬರುತ್ತದೆ. ಸೀರೆಯಿಲ್ಲ, ಉಟ್ಟವರಿಲ್ಲ, ಬರೀ ಅಂಚು. ದಿನವೂ ಅದೇ ಅಂಚು ಎಂಬುದಷ್ಟೇ ಗೊತ್ತು. ಕಣ್ಣು ಬಿಟ್ಟರೆ ಗೋಡೆ, ಗೋಡೆಯ ಮೇಲೆ ಹಲ್ಲಿ, ಮತ್ತು "ಹಾಲು ತರಾಕೆ ಓಗಲ್ವಾ?" ಎನ್ನುವ ನನ್ನ ಹೆಂಡತಿ ಸಾವಿತ್ರಿಯ ದನಿ.

ಅಂಚು ತಾನೇ, ಹೋದರೆ ಹೋಗಲಿ ಎನ್ನುತ್ತೀರಿ. ನೀವು ನೇಕಾರರಲ್ಲ. ಈಗ ನಾನೂ ಅಲ್ಲ, ಅದು ಬೇರೆ ಮಾತು. ಕೊಳ್ಳೇಗಾಲದ ನಮ್ಮ ನಡುಮನೆಯಲ್ಲಿ ಅಪ್ಪನ ಕಾಲದಿಂದ ಇದ್ದ ರೇಷ್ಮೆ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿ, ನಾನೊಂದು ಸೀರೆ ಅಂಗಡಿಯಲ್ಲಿ ಮಾರಾಟಕ್ಕೆ ನಿಂತಿದ್ದೇನೆ. ಲಾರಿಯಲ್ಲಿ ಎಲ್ಲಿಂದಲೋ ಬರುವ ಯಂತ್ರದ ಸೀರೆಯನ್ನು ಗಿರಾಕಿಗಳಿಗೆ ಬಿಡಿಸಿ ತೋರಿಸಿ, "ಇಲ್ಲೇ ಕೈಮಗ್ಗದಲ್ಲಿ ನೇಯ್ದದ್ದಮ್ಮ" ಎಂದು ನಗುನಗುತ್ತಾ ಸುಳ್ಳು ಹೇಳಿ, ಅವರು ಎದ್ದುಹೋದ ಮೇಲೆ ಮತ್ತೆ ಮಡಿಸಿಡುವುದು ನನ್ನ ಕೆಲಸ. ಈ ಸುಳ್ಳಿಗೆ ಅಂಗಡಿಯ ಸಾಹುಕಾರರು ನನ್ನನ್ನೇ ಆರಿಸಿದ್ದೇಕೆಂದರೆ, ನನ್ನ ಮುಖದಲ್ಲಿ ನೇಕಾರನ ಕಳೆ ಇದೆಯಂತೆ! ಅದನ್ನು ಕೇಳಿದ ದಿನ ಹೊಟ್ಟೆ ಉರಿದುಹೋಯಿತು. ಆದರೂ ಮಧ್ಯಾಹ್ನ ಹೊಟ್ಟೆ ತುಂಬ ಉಂಡೆ. ಹೀಗಿರುವಾಗ ಇನ್ನೂ ಯಾರೂ ನೇಯದ ಒಂದು ಅಂಚು ನನ್ನೊಳಗೆ ಉಳಿದಿದೆ ಎಂದರೆ ಬಿಡಲು ಮನಸ್ಸು ಬರುತ್ತದೆಯೇ? ಅದೊಂದು ಕೈಗೆ ಸಿಕ್ಕಿಬಿಡಲಿ, ಅಟ್ಟದಿಂದ ಮಗ್ಗ ಇಳಿಸಿಯೇ ಸಿದ್ಧ ಎಂದುಕೊಂಡೆ.

ಮೊದಲು ಮೊಬೈಲನ್ನು ದಿಂಬಿನ ಪಕ್ಕ ಇಟ್ಟುಕೊಂಡೆ. ಎಚ್ಚರವಾದ ಕೂಡಲೇ ಕಂಡದ್ದನ್ನು ಅದಕ್ಕೆ ಹೇಳಿಬಿಡುವುದು ಎಂದು ಯೋಜನೆ. ಆದರೆ ಅದನ್ನು ತೆರೆಯುವಷ್ಟರಲ್ಲಿ ಯಳಂದೂರಿನ ನನ್ನ ಷಡ್ಡಕ ಕಳಿಸಿದ ಶುಭೋದಯದ ಗುಲಾಬಿ ಪರದೆ ತುಂಬ ಅರಳಿ, ಅಂಚು ಮಾಯವಾಗುತ್ತಿತ್ತು. ರೆಕಾರ್ಡ್ ಆದದ್ದು ನನ್ನ ಆಕಳಿಕೆ, ಕೆಮ್ಮು ಮತ್ತು ಷಡ್ಡಕನ ಕುರಿತು ಒಂದು ಮಾತು. ಆ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಆಮೇಲೆ ಹೊಳೆಯಿತು. ಅಂಚನ್ನು ಬಾಯಲ್ಲಿ ಹೇಳುವುದೆಂದರೇನು? ನಮ್ಮಪ್ಪ ವಿನ್ಯಾಸವನ್ನು ಹೇಳಿದವರೂ ಅಲ್ಲ, ಬರೆದವರೂ ಅಲ್ಲ; ಎಳೆಗೆ ಎಳೆ ಕಟ್ಟಿ ಕೈಯಲ್ಲೇ ನೆನಪಿಟ್ಟುಕೊಂಡವರು. ಅಟ್ಟದ ಮಗ್ಗದಿಂದ ಒಂದೆರಡು ಮರದ ಪಟ್ಟಿ ಕಿತ್ತು, ಲೊಕ್ಕನಹಳ್ಳಿಯಿಂದ ಕೆಲಸಕ್ಕೆ ಬರುವ ಬಡಗಿ ಮಾದಯ್ಯನಿಗೆ ಕೊಟ್ಟು, ಮಂಚದ ಪಕ್ಕಕ್ಕೆ ಪುಟ್ಟ ಚೌಕಟ್ಟು ಕೂರಿಸಲು ಹೇಳಿದೆ. ಅದರಲ್ಲಿ ಎಳೆಗಳನ್ನು ಸಾಲಾಗಿ ಬಿಗಿಯುವುದು. ಎಚ್ಚರವಾದಾಗ ಕಣ್ಣು ಮುಚ್ಚಿಕೊಂಡೇ ಕೈಚಾಚಿ, ಕನಸಿನಲ್ಲಿ ಕಂಡಂತೆ ಎಳೆ ಎತ್ತಿ ಕೆಳಗೆ ಬಣ್ಣದ ನೂಲು ತೂರಿಸುವುದು. ಒಂದು ಬೆಳಗಿಗೆ ಒಂದು ಸಾಲು.

"ಇದೇನ್ ಸಾ, ತೊಟ್ಲಾ?" ಅಂದ ಮಾದಯ್ಯ.

"ಕನಸು ಹಿಡಿಯೋದು ಕಣಯ್ಯ."

"ನಮ್ಮೂರ್ಲಿ ಕಾಡಂದಿ ಒಲದ್ ಒಳಕ್ಕೆ ಬರ್ದಂಗೆ ತಂತಿ ಕಟ್ತೀವಿ ಸಾ. ಕನಸು ಆಚ್ಗೋಗ್ದಂಗೆ ಕಟ್ಟದ್ನ ಇವತ್ತೇ ಕೇಳ್ತಿರದು. ಆಗ್ಲಿ, ಕಟ್ಕೊಡ್ತೀನಿ."

ಸಾವಿತ್ರಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಮಗ್ಗ ಓಯ್ತು, ಇನ್ನಾದ್ರೂ ಮನೇಲಿ ಕಾಲಾಡ್ಸಾಕೆ ಜಾಗ ಸಿಕ್ತು ಅಂದ್ಕಂಡಿದ್ದೆ. ಈಗ ಮಂಚುಕ್ಕೇ ತಕಂಡ್ ಬಂದ್ರಾ?" ಎಂದಳು. ಹಾಗೆಂದವಳೇ ನಾನು ಕಟ್ಟಿದ್ದ ಎಳೆಗಳನ್ನೆಲ್ಲ ಬಿಚ್ಚಿ, ಸಡಿಲವಾಯಿತೆಂದು ಬೈದು, ತಾನೇ ಬಿಗಿದುಕೊಟ್ಟಳು.

ಆಶ್ಚರ್ಯವೆಂದರೆ ನನ್ನ ಉಪಕರಣ ಕೆಲಸ ಮಾಡಿತು! ತಲೆಗೆ ಮರೆತದ್ದು ಬೆರಳಿಗೆ ನೆನಪಿತ್ತು. ಸಾಲಿನ ಮೇಲೆ ಸಾಲು ಬೆಳೆದು, ಒಂದು ಮಾವಿನಕಾಯಿ ಮೂಡಿತು, ಅದರ ಪಕ್ಕ ಕತ್ತು ತಿರುಗಿಸಿದ ಒಂದು ಹಕ್ಕಿ. ನಾನು ಅಂಗಡಿಯಲ್ಲಿ ಸಿಳ್ಳೆ ಹಾಕತೊಡಗಿದೆ. ಅಟ್ಟ ಹತ್ತಿ ಮಗ್ಗದ ಧೂಳು ಒರೆಸಿದೆ. ಒಳ್ಳೆಯ ರೇಷ್ಮೆ ತೆಗೆದಿಡು ಎಂದು ಹನೂರಿನ ನೂಲಿನವನಿಗೆ ಗತ್ತಿನಿಂದ ಫೋನೂ ಮಾಡಿದೆ.

ಅಂಚು ಪೂರ್ತಿಯಾದ ಬೆಳಿಗ್ಗೆ ಸಾವಿತ್ರಿಯನ್ನು ಕರೆದು ತೋರಿಸಿದೆ. ಅವಳು ಒಳಗೆ ಹೋಗಿ, ಬೀರುವಿನಿಂದ ಒಂದು ಸೀರೆ ತಂದು, ಅದರ ಅಂಚನ್ನು ಚೌಕಟ್ಟಿನ ಪಕ್ಕಕ್ಕೆ ಹಿಡಿದಳು. ದೀಪಾವಳಿಗೆ ಸಾಹುಕಾರರು ಕೊಟ್ಟ ಯಂತ್ರದ ಸೀರೆ. ನಮ್ಮ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾಗುವ ಮಾಲು. ಅದೇ ಮಾವಿನಕಾಯಿ, ಅದೇ ಹಕ್ಕಿ. ಹಗಲೆಲ್ಲ ನಾನು ಬಿಡಿಸಿ ಮಡಿಸುವ ಸೀರೆ.

"ಹಕ್ಕಿ ಮೂಡ್ದಾಗ್ಲೇ ಗೊತ್ತಾಯ್ತು ಕಣ್ರಿ" ಎಂದಳು.

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ಬೆಳಿಗ್ಗೆ ನಗ್ತಾ ಏಳ್ತಿದ್ರಲ್ಲಾ, ಯಂಗೆ ಹೇಳ್ಲಿ?"

ಕನಸಾದರೂ ನನ್ನದು ಎಂದುಕೊಂಡಿದ್ದೆ. ಅಲ್ಲೂ ಸಾಹುಕಾರರ ಸರಕೇ ತುಂಬಿತ್ತು. ಅಂಗಡಿಯ ಬಾಗಿಲು ಹಾಕಿದ ಮೇಲೂ ನಾನು ಡ್ಯೂಟಿಯಲ್ಲೇ ಇದ್ದೆ. ಆ ದಿನ ನನಗೆ ಅಳು ಬಂತು, ಸಿಟ್ಟೂ ಬಂತು, ಹಾಲು ತರುವುದೂ ತಡವಾಯಿತು. ಈಗ ಚೌಕಟ್ಟಿನ ಮೇಲೆ ಟವೆಲ್ ಒಣಗುತ್ತದೆ.

ಮೊನ್ನೆ ಒಬ್ಬ ಹೆಂಗಸು ಅದೇ ಸೀರೆ ಹಿಡಿದು, "ನಿಜವಾಗ್ಲೂ ಇದು ಇಲ್ಲೀದೇನಾ?" ಎಂದರು. ರೂಢಿಯ ಸುಳ್ಳನ್ನು ಬಿಟ್ಟೆ. "ಈ ಅಂಚು ನನ್ನ ಕನಸಿನಲ್ಲಿ ಬಂದದ್ದಮ್ಮ. ಬೆಳಿಗ್ಗೆ ಎದ್ದು ನನ್ನ ಕೈಯಾರೆ ಒಂದೊಂದೇ ಎಳೆ ಎತ್ತಿದೀನಿ" ಅಂದೆ. ಆ ಅಂಗಡಿಯಲ್ಲಿ ನಾನು ಆಡಿದ ಮೊದಲ ನಿಜ ಅದು. ಆಕೆಯ ಕಣ್ಣು ಒದ್ದೆಯಾಯಿತು. ತನಗೊಂದು, ತಂಗಿಗೊಂದು ಕಟ್ಟಿಸಿಕೊಂಡು ಹೋದರು. ಗಲ್ಲಾದಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಸಾಹುಕಾರರು ಬಂದು ಬೆನ್ನು ತಟ್ಟಿದರು. "ಬೋ ಪಸಂದಾಗದೆ ಕಣಯ್ಯ ಇದು. ನಾಳೆಯಿಂದ ಎಲ್ರುಗೂ ಇಂಗೇ ಹೇಳ್ಬುಡು."

ಹಾಗೇ ಹೇಳುತ್ತಿದ್ದೇನೆ. ಬೇರೆ ಅಂಚಿನ ಸೀರೆಗಳಿಗೂ.