ಮಗ್ಗ ನಿಲ್ಲಿಸಿದವಳಿಗೆ ಪ್ರಶಸ್ತಿ

ದೊಡ್ಡಬಳ್ಳಾಪುರದ ಪಕ್ಕದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳೋನು ನಾನು. ಮಗ್ಗದ ಮನೆ ಮಕ್ಕಳು ಕ್ಲಾಸಿನಲ್ಲಿದ್ದರೆ ನಗುವಿಗೇನೂ ಬರವಿಲ್ಲ. ಪವರ್‌ಲೂಮಿನ ಸದ್ದು ಮೀರಿಸಿ ಮಾತಾಡಿ ಮಾತಾಡಿ ಇವರ ಗಂಟಲೇ ದೊಡ್ಡದಾಗಿಬಿಟ್ಟಿರುತ್ತೆ. ಈ ಸಲ ಇಂಜಿನಿಯರುಗಳ ಸಂಘದವರು ಕೊಡುವ ವಿದ್ಯಾರ್ಥಿ ಪ್ರಶಸ್ತಿ ನಮ್ಮ ಕಾಲೇಜಿನ ಹುಡುಗಿಗೆ ಬಂತಲ್ಲ, ಆಗಲೂ ಅದೇ ಕತೆ.

೧. ನಿಲ್ಲಿಸೋ ಓದು

ಕೊನೇ ವರ್ಷದ ಹುಡುಗಿ. ಎಳೆ ಕಡಿದ ತಕ್ಷಣ, ಬಟ್ಟೆ ಕೆಡುವ ಮೊದಲೇ, ಹಳೇ ಮಗ್ಗ ತಾನಾಗಿ ನಿಲ್ಲುವ ಹಾಗೆ ಒಂದು ಸಣ್ಣ ಯಂತ್ರ ಮಾಡಿದ್ದಳು. ಅದನ್ನು ಅವರ ಮನೆ ಮಗ್ಗಕ್ಕೇ ಕೂರಿಸಿ ನೋಡೋಣ ಅಂತ ಹೋದೆವು. ಅವರಪ್ಪ ಒಪ್ಪಲಿಲ್ಲ.

"ಏನ್ ಸಾರ್ ಇದು? ಮಗ್ಗ ಓಡ್ಲಿ ಅಂತ ನಾನು ಒದ್ದಾಡ್ತೀನಿ, ಇವ್ಳು ನಿಲ್ಸೋಕೆ ಇಂಜಿನಿಯರಿಂಗ್ ಓದ್ತಾವ್ಳೆ. ಅದಕ್ಕೆ ಕರೆಂಟಿನವ್ರು ಸಾಲ್ದಾ?"

ವಾಪಸು ಬರುವಾಗ ಹುಡುಗಿ, "ಪ್ರಶಸ್ತಿ ಬಂದ್ರೆ ಬರ್ಲಿ ಬಿಡ್ಲಿ ಸರ್. ನಮ್ಮಪ್ಪ ಒಂದ್ಸಲ ಚೆನ್ನಾಗಿದೆ ಅಂದ್ರೆ ಸಾಕು" ಅಂದಳು. ಕ್ಲಾಸಿಗೇ ಮೊದಲು ಬಂದಾಗಲೂ ಆ ಮಹಾರಾಯ "ಹೂಂ" ಅಂದು ಊಟಕ್ಕೆ ಕೂತಿದ್ದರಂತೆ. ನನಗೂ ಒಳಗೇ ಹಟ ಹುಟ್ಟಿತು.

೨. ಉಪ್ಸಾರು

ಸಂಘದಿಂದ ಇಬ್ಬರು ತೀರ್ಪುಗಾರರು ನಮ್ಮ ಲ್ಯಾಬಿಗೆ ಬಂದರು. ಹಳೇ ಮಗ್ಗವೊಂದನ್ನು ತರಿಸಿ ಇಟ್ಟಿದ್ದೆವು. ಹುಡುಗಿ ಬಾಯಿ ತೆಗೆದಿದ್ದೇ ತಡ, ಇಬ್ಬರಲ್ಲಿ ದೊಡ್ಡವರು ಕುರ್ಚಿ ಹಿಂದಕ್ಕೆ ಎಳ್ಕೊಂಡರು.

"ಯಾಕಮ್ಮಾ, ನಮ್ಮ ಮೇಲೇನಾದ್ರೂ ಕೋಪಾನಾ?"

"ಇಲ್ಲ ಸರ್, ಮೆತ್ತಗೇ ಹೇಳ್ತಿದ್ದೀನಿ."

ಮಗ್ಗ ಶುರುವಾಯಿತು. ಆ ಸದ್ದಿಗೆ ನನ್ನ ಮಾತು ನನಗೇ ಕೇಳಿಸದು. ಆದರೆ ಮಗ್ಗದ ಮನೆಯವರು ತುಟಿ ನೋಡಿಯೇ ಮಾತು ತಿಳ್ಕೊಳ್ತಾರೆ. ತೀರ್ಪುಗಾರರು ಕೇಳಿದ್ದಕ್ಕೆಲ್ಲ ಹುಡುಗಿ ಪಟಪಟನೆ ಉತ್ತರ ಕೊಟ್ಟಳು. ಕೊನೆಗೆ ದೊಡ್ಡವರು ಪಕ್ಕದವರ ಕಡೆ ಬಗ್ಗಿ ಏನೋ ಅಂದು, ಕತ್ತರಿ ತಗೊಂಡು ಒಂದು ಎಳೆ ಕತ್ತರಿಸಿದರು. ಮಗ್ಗ ಟಕ್ ಅಂತ ನಿಂತಿತು. ಇಡೀ ಲ್ಯಾಬು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನಮ್ಮ ಹುಡುಗಿಯ ಗಂಟಲೊಂದೇ:

"ಮುದ್ದೆ, ಉಪ್ಸಾರು ಸರ್!"

ಊಟಕ್ಕೆ ಏನು ಮಾಡಿಸಿದ್ದಾರೋ ಅಂತ ಅವರು ಗುಟ್ಟಾಗಿ ಕೇಳಿದ್ದರಂತೆ.

೩. ಗುಟ್ಟು

ಪ್ರಶಸ್ತಿ ಬಂದೇಬಿಟ್ಟಿತು. ಬೆಂಗಳೂರಿನ ಸಭಾಂಗಣಕ್ಕೆ ಅಪ್ಪ ಬರ್ತಾರೋ ಇಲ್ಲವೋ ಅಂತ ಹುಡುಗಿ ಬಾಗಿಲನ್ನೇ ನೋಡ್ತಿದ್ದಳು. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಬಂದು ಕೊನೇ ಸಾಲಿನಲ್ಲಿ ನನ್ನ ಪಕ್ಕ ಕೂತರು.

"ಮಗ್ಗ ನಿಲ್ಸಿ ಬಂದ್ರಾ?" ಅಂದೆ.

"ಇನ್ನೇನ್ಮಾಡ್ಲಿ ಸಾರ್, ನೀವೆಲ್ಲ ಸೇರಿ ಅದನ್ನೇ ತಾನೆ ಕಲ್ಸಿದ್ದು?"

ವೇದಿಕೆ ಮೇಲೆ ಸಂಘದ ಅಧ್ಯಕ್ಷರು ನಮ್ಮ ಹುಡುಗಿಯ ಕೊರಳಿಗೆ ಪದಕ ಹಾಕಿದರು. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲೂ ನೀರು ಬಂತು. ಚಪ್ಪಾಳೆ ನಿಂತು ಎಲ್ಲರೂ ಸುಮ್ಮನಾದರು. ಆಗ ಅವರಪ್ಪ ಬಾಯಿಗೆ ಕೈ ಅಡ್ಡ ಇಟ್ಟು, ಹೆಂಡತಿಯ ಕಿವಿಗೆ ಬಗ್ಗಿ, ತಮ್ಮ ಲೆಕ್ಕದಲ್ಲಿ ಪಿಸುಗುಟ್ಟಿದರು:

"ಚೆನ್ನಾಗಿ ಮಾಡವ್ಳೆ ಕಣೇ ನನ್ ಮಗ್ಳು. ನಮ್ ಮಗ್ಗಕ್ಕೂ ಅದನ್ನೇ ಹಾಕ್ಸನ. ಅವ್ಳಿಗ್ ಮಾತ್ರ ಹೇಳ್ಬೇಡ, ತಲೆ ಮೇಲೆ ಕೂತ್ಕೊಂತಾಳೆ."

ಮೊದಲನೇ ಸಾಲಿನ ತನಕ ಎಲ್ಲರೂ ತಿರುಗಿ ನೋಡಿದರು. ವೇದಿಕೆ ಮೇಲೆ ಹುಡುಗಿ ಪದಕ ಹಿಡ್ಕೊಂಡು ಅಳ್ತಾ ಅಳ್ತಾನೇ ನಗ್ತಿದ್ದಳು. ಅಧ್ಯಕ್ಷರು ಮೈಕಿನ ಹತ್ತಿರ ಬಂದು ಅಂದರು:

"ನಾವ್ಯಾರೂ ಅವಳಿಗೆ ಹೇಳೋದಿಲ್ಲ ಬಿಡಿ ಸ್ವಾಮಿ."